ಮೇಡಂ, ನಾನು ಮತ್ತು ಏಳದ ಕಿಣ್ವ

ನಮ್ಮ ಮೇಡಂ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ಪ್ರಾಯದಿಂದಲೂ ಹನಿ ಅಳೆಯುವ ಪಿಪೆಟ್ಟಿನ ಗುಂಡಿ ಒತ್ತಿ ಒತ್ತಿ ಆದದ್ದು. ಅಲ್ಲಿಯ ಚರ್ಮ ಸವೆದು ಒರಟಾಗಿ, ಫೋನು ಆ ಬೆರಳನ್ನು ಗುರುತಿಸುತ್ತಲೇ ಇರಲಿಲ್ಲ. ಎಡಗೈಯ ಕಿರುಬೆರಳು ಕೊಟ್ಟು ಫೋನು ತೆರೆಯುತ್ತಿದ್ದರು. ಪಿಎಚ್‌ಡಿಗೆ ನನಗೆ ಗೈಡ್ ಆಗಿ ಸಿಕ್ಕವರು ಇವರು. ಜಯನಗರದ ಒಂದು ಹಳೆಯ ಕಟ್ಟಡದಲ್ಲಿ ನಮ್ಮ ಲ್ಯಾಬು. ನನ್ನ ಒಳ್ಳೆಯ ವರ್ಷಗಳನ್ನೆಲ್ಲ ಅಲ್ಲಿ ಹಲ್ಲು ಕಚ್ಚಿಕೊಂಡು ಕಳೆದೆ.

ಕೆಲಸ ಹೇಳುವುದಕ್ಕೆ ಸುಲಭ. ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳು ಆಂಟಿಬಯೋಟಿಕ್ ತಯಾರಿಸುತ್ತವೆ. ನಾವು ಹಿಡಿದಿದ್ದ ಬ್ಯಾಕ್ಟೀರಿಯಾದಲ್ಲಿ ಔಷಧದ ಬರೀ ಹಂದರ ತಯಾರಾದರೆ ರೋಗಾಣು ಸಾಯುವುದಿಲ್ಲ. ಕೊನೆಗೆ ಅದಕ್ಕೊಂದು ಸಕ್ಕರೆ ಅಂಟಬೇಕು. ಸಕ್ಕರೆಯಿಲ್ಲದ ಆ ಔಷಧ ಹಲ್ಲಿಲ್ಲದ ಬೀಗದಕೈ ಇದ್ದಂತೆ. ಅಂಟಿಸುವುದು ಒಂದು ಕಿಣ್ವ, ಅಂದರೆ ದುಡಿಯುವ ಪ್ರೋಟೀನು. ಅದನ್ನು ಬೇರ್ಪಡಿಸಿ, ಟ್ಯೂಬಿನಲ್ಲಿ ಅದು ಸಕ್ಕರೆ ಅಂಟಿಸುವುದನ್ನು ತೋರಿಸಿದರೆ ನನ್ನ ಥೀಸಿಸ್ ಮುಗಿಯುತ್ತಿತ್ತು. ಆ ಹಾಳಾದ್ದು ಅಂಟಿಸಲೇ ಇಲ್ಲ.

ಮೇಡಂಗೆ ಮಡಿ ಹೆಚ್ಚು. ಅಡುಗೆಮನೆಯ ಮಡಿಯಲ್ಲ, ಪ್ರೋಟೀನಿನ ಮಡಿ. ನಮ್ಮ ಕಿಣ್ವಕ್ಕೆ ಬೇರೆ ಪ್ರೋಟೀನು ಸೋಕಿದರೆ ಮೈಲಿಗೆ. ನಾನು ಫಲಿತಾಂಶ ಹಿಡಿದು ಹೋದಾಗಲೆಲ್ಲ ಒಂದೇ ಮಾತು.

"ಇನ್ನೂ ಗಲೀಜಿದೆ ಕಣೇ. ಇನ್ನೊಂದ್ಸಲ ತೊಳಿ."

ತೊಳೆದಷ್ಟೂ ಕಿಣ್ವ ಹೆಣದ ಹಾಗೆ ಬಿದ್ದಿರುತ್ತಿತ್ತು. ಬೈದ ದಿನ ಮೇಡಂ ತಪ್ಪದೆ ತಮ್ಮ ಡಬ್ಬಿಯ ಒಗ್ಗರಣೆ ಅವಲಕ್ಕಿಯನ್ನು ನನ್ನ ಕಡೆ ತಳ್ಳುತ್ತಿದ್ದರು. ತಿನ್ನದಿದ್ದರೆ ಅದಕ್ಕೂ ಬೈಗುಳ. ಇತ್ತ ಫೆಲೋಶಿಪ್ ಮುಗಿಯುತ್ತ ಬಂದಿತ್ತು. ಚಿಕ್ಕಲಸಂದ್ರದ ಮನೆಯಲ್ಲಿ ಅಮ್ಮ, "ಆ ಬ್ಯಾಕ್ಟೀರಿಯಾನೂ ಬೇಡ, ಅದರ ಸಕ್ಕರೇನೂ ಬೇಡ, ಬಿ.ಎಡ್ ಮಾಡ್ಕೋ" ಅನ್ನತೊಡಗಿದ್ದರು.

ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ನಮ್ಮ ಕಿಣ್ವದ ಜೀನಿಗೆ ಅಂಟಿಕೊಂಡೇ ಇನ್ನೊಂದು ಜೀನಿತ್ತು. ಅದರ ಪ್ರೋಟೀನು ಕಬ್ಬಿಣ ಹಿಡಿದು ದುಡಿಯುವ ಕಿಣ್ವಗಳ ಕುಲದ್ದು. ಆದರೆ ಇದು ಕಬ್ಬಿಣವನ್ನೂ ಹಿಡಿಯದು, ಸ್ವಂತ ಕೆಲಸವನ್ನೂ ಮಾಡದು. ನಮ್ಮ ಕಿಣ್ವಕ್ಕೆ ಇದರ ಜೊತೆ ಬೇಕೇನೋ, ಬೇರೆ ಬ್ಯಾಕ್ಟೀರಿಯಾಗಳಲ್ಲಿ ಹಾಗಿದೆಯಂತೆ ಎಂದೆ.

"ಅದು ದಂಡಪಿಂಡ ಕಣೇ, ಅದರ ಹಿಂದೆ ಯಾಕ್ ಹೋಗ್ತೀಯ?" ಎಂದರು ಮೇಡಂ. ನಾನು ಬಿಡದಿದ್ದಾಗ, ಎರಡೂ ಪ್ರೋಟೀನುಗಳನ್ನು ಬೇರೆ ಬೇರೆ ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಚೆನ್ನಾಗಿ ತೊಳೆದು, ಬೆರೆಸಿ ನೋಡಲು ಹೇಳಿದರು. ನೋಡಿದೆ. ಏನೂ ಆಗಲಿಲ್ಲ. "ನೋಡಿದ್ಯಾ?" ಎಂದು ಅವರು ಕಾಫಿಗೆ ಹೋದರು. ನನಗೆ ಮೈಯೆಲ್ಲ ಉರಿಯಿತು.

ಆ ಉರಿಯಲ್ಲೇ, ಅವರಿಗೆ ಹೇಳದೆ, ಎರಡೂ ಜೀನುಗಳನ್ನು ಒಂದೇ ಬ್ಯಾಕ್ಟೀರಿಯಾದೊಳಗೆ ಸೇರಿಸಿದೆ. ಹುಟ್ಟುತ್ತಲೇ ಜೊತೆಗಿದ್ದರೆ ಏನಾಗುತ್ತದೆ ನೋಡೇ ಬಿಡೋಣ ಎಂಬ ಹಟ. ಈ ಸಲ ಹೊರಬಂದ ಕಿಣ್ವ ಸಕ್ಕರೆ ಅಂಟಿಸಿತು! ಗ್ರಾಫ್ ಹಿಡಿದು ಮೇಡಂ ಕೋಣೆಗೆ ಓಡಿದೆ. 'ನೀನು ಹೇಳಿದ್ದು ಸರಿ' ಎಂಬ ಒಂದು ಮಾತು ಬೇಕಿತ್ತು, ಅಷ್ಟೇ. ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಹೂಂ. ಈಗ ಆ ಜೊತೆಗಾರನ್ನ ತೊಳೆದು ತೆಗಿ. ಆಮೇಲೂ ಅಂಟಿಸತ್ತಾ ನೋಡು."

"ಮೇಡಂ, ಅದಿಲ್ದೆ ತಾನೆ ನಾನು ಇಷ್ಟ್ ವರ್ಷ ಸತ್ತಿದ್ದು?"

"ಗೊತ್ತು. ಅದು ಒಂದ್ಸಲ ಎಬ್ಬಿಸಿ ಹೋಗತ್ತೋ, ಪಕ್ಕದಲ್ಲೇ ಕೂತಿರ್ಬೇಕೋ? ಯಾರಾದ್ರೂ ಕೇಳಿದ್ರೆ ಏನ್ ಹೇಳ್ತೀಯ?"

ಬಾಗಿಲು ದಡಾರನೆ ಎಳೆದುಕೊಂಡು ಹೊರಬಂದೆ. ಬನಶಂಕರಿ ಬಸ್‌ಸ್ಟ್ಯಾಂಡಿನಲ್ಲಿ ಯಾರು ಬೇಕಾದರೂ ನೋಡಲಿ ಎಂದು ಅತ್ತೆ. ಪಕ್ಕದಲ್ಲಿ ನಿಂತಿದ್ದ ಆಂಟಿಯೊಬ್ಬರು "ಏನಮ್ಮಾ, ಪರ್ಸ್ ಹೋಯ್ತಾ?" ಎಂದು ಕೇಳಿದರು.

ಬೈದುಕೊಂಡೇ ಅವರು ಹೇಳಿದ್ದನ್ನು ಮಾಡಿದೆ. ಅಷ್ಟರಲ್ಲಿ ಮೇಡಂಗೆ ಕಾಯಿಲೆ ಬಂದು ರಜೆ ಹಾಕಿದ್ದರು. ಜೊತೆಗಾರನ ಸುಳಿವೂ ಉಳಿಯದಂತೆ ತೊಳೆದ ಮೇಲೂ ಕಿಣ್ವ ತನ್ನ ಪಾಡಿಗೆ ಸಕ್ಕರೆ ಅಂಟಿಸುತ್ತಲೇ ಇತ್ತು. ಒಮ್ಮೆ ಎಬ್ಬಿಸಿದರೆ ಅದಕ್ಕೆ ಸಾಕಾಗಿತ್ತು. ಆ ಗ್ರಾಫನ್ನು ಶ್ರೀನಗರದ ಅವರ ಮನೆಗೆ ಒಯ್ದೆ. ದಿಂಬಿಗೆ ಒರಗಿ ನೋಡಿದ ಮೇಡಂ, "ಒಂದೇ ಸಲ ಬಂದಿದ್ದನ್ನ ನಂಬ್ಬೇಡ. ಮತ್ತೆ ಮಾಡು" ಎಂದರು. ನಾನು ಕಾದಿದ್ದ ಮಾತು ಅವತ್ತೂ ಬರಲಿಲ್ಲ. ಆ ತಿಂಗಳೇ ಹೋಗಿಬಿಟ್ಟರು.

ವೈವಾದಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ಥೀಸಿಸ್ಸಿನ ಹಾಳೆ ಮಗುಚುತ್ತ, "ಕಿಣ್ವ ಎದ್ದ ಮೇಲೂ ಆ ಜೊತೆಗಾರ ಬೇಕೇ ಬೇಕಾ? ಹೇಗ್ ಗೊತ್ತು ನಿಮಗೆ?" ಎಂದರು. ಉತ್ತರ ನನ್ನ ಬಳಿ ಇತ್ತು. ಅದನ್ನು ಮತ್ತೆ ಮತ್ತೆ ಮಾಡಿಯೂ ನೋಡಿದ್ದೆ. ಅವರು ತಲೆದೂಗಿದರು, ಉಳಿದವರು ಕೈ ಕುಲುಕಿದರು. ಗೈಡ್ ಕೂರಬೇಕಾದ ಕುರ್ಚಿಯಲ್ಲಿ ಬೇರೆ ಪ್ರೊಫೆಸರ್ ಒಬ್ಬರು ಕೂತಿದ್ದರು. ಅವರನ್ನು ನೋಡಿ ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಇಷ್ಟು ವರ್ಷ ಗೋಳು ಹೊಯ್ದುಕೊಂಡು, ಗೆದ್ದ ದಿನ ಜಗಳಕ್ಕೂ ಸಿಗದೆ ಹೋದಿರಲ್ಲ ಮೇಡಂ. ನೀವು ಹೇಳಿದ್ದೂ ಸರಿ ಎಂದು ಈಗ ಯಾರ ಮುಂದೆ ಹೇಳಲಿ?