ಡಾಕ್ಟರಮ್ಮನ ಬಂಗುಡೆ

ಡಾಕ್ಟರಮ್ಮನವರ ಬಲಗೈ ಹೆಬ್ಬೆರಳಿನ ಸುತ್ತ ಸಣ್ಣ ಸಣ್ಣ ಬಿಳಿ ಕಲೆಗಳಿದ್ದವು, ಒಗ್ಗರಣೆಯ ಸಾಸಿವೆ ಸಿಡಿದು ಸುಟ್ಟ ಹಾಗೆ. ನಾನು ಬದುಕಿನ ಬಹುಭಾಗವನ್ನು ಲಂಡನ್ನಿನ ಸೌತ್‌ಹಾಲಿನ ಒಂದು ಸಸ್ಯಾಹಾರಿ ಹೋಟೆಲಿನ ಅಡುಗೆಮನೆಯಲ್ಲಿ ಕಳೆದವನು. ಅಂಥ ಕಲೆ ಕಂಡರೆ ನನಗೆ ಒಲೆಯೇ ನೆನಪಾಗುತ್ತದೆ. ಕೆಲಸ ಬಿಟ್ಟು ಕೆಂಟನ್ನಿನಲ್ಲಿ ಅವರ ಪಕ್ಕದ ಮನೆಗೆ ಬಂದ ಹೊಸತು. ಬೇಲಿಯಾಚೆಯಿಂದ ಅವರು ನೀಡಿದ ಶೇಂಗಾ ಚಟ್ನಿಯ ಡಬ್ಬಿ ತೆಗೆದುಕೊಳ್ಳುತ್ತ, "ಎಣ್ಣೆ ಹಾರಿತಾ ಡಾಕ್ಟ್ರಮ್ಮ?" ಎಂದು ಕೇಳಿದೆ.

"ಎಣ್ಣಿ ಅಲ್ರೀ, ಹಲ್ಲು," ಎಂದರು. "ಪೈಕ್ ಮೀನಿಂದು."

ನಾನು ತಮಾಷೆಯೆಂದುಕೊಂಡು ನಕ್ಕೆ. ಧಾರವಾಡದ ಕಡೆಯವರ ಆ ಮನೆಯೊಳಗೆ ಮೊಟ್ಟೆಯೂ ಬರುವಂತಿರಲಿಲ್ಲ. ಯಜಮಾನರು ಈರುಳ್ಳಿಗೇ ಮುಖ ಸಿಂಡರಿಸುವವರು. ಆದರೆ ಡಾಕ್ಟರಮ್ಮ ನನ್ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿ, ಮೂಲೆಯಲ್ಲಿದ್ದ ಫ್ರೀಜರಿನ ಮುಚ್ಚಳ ಎತ್ತಿದರು. ಒಳಗೆ ಸಾಲಾಗಿ ಬಂಗುಡೆಗಳು, ಒಂದೊಂದೂ ನೆಟ್ಟಗೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಮಲಗಿದ್ದವು.

ಕಥೆ ಇಷ್ಟೇ. ಅವರು ಸರ್ಕಾರಿ ಕ್ಲಿನಿಕ್ಕಿನಲ್ಲಿ ಜಿಪಿ ಆಗಿದ್ದಾಗ ಒಬ್ಬ ಮುದುಕನ ಎದೆನೋವನ್ನು ಸಮಯಕ್ಕೆ ಸರಿಯಾಗಿ ಗುರುತಿಸಿ ಆಸ್ಪತ್ರೆಗೆ ಅಟ್ಟಿದ್ದರಂತೆ. ಆತನ ತಮ್ಮನಿಗೆ ಕಾರ್ನ್‌ವಾಲಿನಲ್ಲಿ ದೋಣಿಯಿತ್ತು. ಕೃತಜ್ಞತೆಗೆಂದು ಆ ಮುದುಕ ತಮ್ಮನ ದೋಣಿಯಿಂದಿಳಿದ ಬಂಗುಡೆಯನ್ನು ಐಸ್ ಪೆಟ್ಟಿಗೆಯಲ್ಲಿ ತುಂಬಿ ತಂದುಕೊಟ್ಟ. "ನಾವು ಮೀನು ತಿನ್ನೂದಿಲ್ಲ" ಎಂದಾಗ ಆತ ಪೆಚ್ಚಾಗಲಿಲ್ಲವಂತೆ. ಹಾಗಾದರೆ ಗಾಳಕ್ಕೆ ಸಿಕ್ಕಿಸೋಣ ಬನ್ನಿ ಎಂದು ಹೀಥ್ರೋ ವಿಮಾನ ನಿಲ್ದಾಣದ ಆಚೆಗಿನ ಒಂದು ಕೆರೆಗೆ ಕರೆದುಕೊಂಡು ಹೋದ. ಅಲ್ಲಿಂದ ಹಿಡಿದ ಹುಚ್ಚು ಬಿಡಲೇ ಇಲ್ಲ; ಪ್ರತಿ ಸೆಪ್ಟೆಂಬರಿಗೆ ಪೆಟ್ಟಿಗೆ ಬರುವುದೂ ನಿಲ್ಲಲಿಲ್ಲ.

ಪೈಕ್ ಎಂದರೆ ಮೊಸಳೆಯ ಮೂತಿಯ, ಕಡ್ಡಿಯ ಹಾಗೆ ಅಲುಗಾಡದೆ ನಿಲ್ಲುವ, ಸಿಹಿನೀರಿನ ಬೇಟೆಗಾರ ಮೀನು. ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಅಲ್ಲಿಯ ಕ್ಲಬ್ಬಿನ ಸ್ಪರ್ಧೆ. ಬೆಳಿಗ್ಗೆ ಸೀಟಿ ಊದಿದಾಗ ಗಾಳ ಹಾಕಬೇಕು, ಮಧ್ಯಾಹ್ನ ಮತ್ತೆ ಸೀಟಿ ಊದಿದಾಗ ಎತ್ತಬೇಕು. ಸಿಕ್ಕಿದ ಮೀನನ್ನು ಒದ್ದೆ ಚಾಪೆಯ ಮೇಲೆ ಅಳೆದು, ಫೋಟೋ ತೆಗೆದು, ಜೀವಂತ ನೀರಿಗೆ ಬಿಡಬೇಕು. ಎಲ್ಲಕ್ಕಿಂತ ಉದ್ದದ ಮೀನಿಗೆ ಬಹುಮಾನದ ಕಪ್. ಹೇಳಲು ಸುಲಭ, ಸಿಗುವುದು ಮಾತ್ರ ಅಪರೂಪ. ದಂಡೆಯುದ್ದಕ್ಕೂ ಗಂಡಸರು ಇಡೀ ದಿನ ನೀರನ್ನೇ ದಿಟ್ಟಿಸಿ, ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ, ಅದೂ ನಗುನಗುತ್ತ.

ಹೊತ್ತು ಕಳೆಯಲಿ ಎಂದು ಹೆಂಡತಿ ನನ್ನನ್ನು ಅವರ ಚೀಲ ಹೊರಲು ಕಳಿಸುತ್ತಿದ್ದಳು. ಮೊದಲ ದಿನ ಡಾಕ್ಟರಮ್ಮ ಕೈಗವಸು ಹಾಕಿ ಬಂಗುಡೆಗೆ ಗಾಳ ಚುಚ್ಚಿ ನೀರಿಗೆ ಎಸೆದಾಗ ನಾನು ಕೂತಲ್ಲಿಂದ ಎದ್ದುಬಿಟ್ಟೆ.

"ಅಯ್ಯೋ ಮಾರಾಯ್ರೆ, ಅಷ್ಟು ಲಾಯ್ಕಿನ ಬಂಗುಡೆ!"

"ಅಡಿಗಿ ಸಾಹೇಬ್ರ, ಸುಮ್ನ ಕೂಡ್ರಿ. ಅವಗೂ ಊಟಾ ಬ್ಯಾಡೇನು?"

ಎಲ್ಲರಿಗೂ ಅವರು ಒಂದೊಂದು ಹೆಸರಿಟ್ಟಿದ್ದರು. ನಾನು ಅಡಿಗಿ ಸಾಹೇಬ. ಪೈಕಿಗೆ 'ಅವ'. ಅಮೆರಿಕದಲ್ಲಿ ಇದರದೇ ಜಾತಿಯ ಮಸ್ಕಿ ಎಂಬ ಇನ್ನೂ ದೊಡ್ಡ, ಇನ್ನೂ ಹಟಮಾರಿ ಮೀನಿದೆಯಂತೆ. ಅದಕ್ಕೂ ದೊಡ್ಡ ದೊಡ್ಡ ಪಂದ್ಯಗಳು. ಆ ವಿಡಿಯೋಗಳನ್ನು ಫೋನಿನಲ್ಲಿ ಹಾಕಿ ತೋರಿಸುತ್ತಿದ್ದರು. ದಿನವಿಡೀ ಯಾರಿಗೂ ಒಂದೂ ಸಿಗದ ಪಂದ್ಯವೆಂದರೆ ಅವರಿಗೆ ಬಲು ಇಷ್ಟ. "ನೋಡ್ರಿ, ಅವರಿಗೂ ಸಿಗವಲ್ದು!" ಎಂದು ಕುರ್ಚಿಯಲ್ಲಿ ಕುಲುಕಾಡಿ ನಗುತ್ತಿದ್ದರು. ಊಟದ ಹೊತ್ತಿಗೆ ಥರ್ಮಾಸಿನ ಬಿಸಿನೀರಿನಿಂದ ಆಪರೇಷನ್ನಿಗೆ ಹೊರಟವರಂತೆ ಮೊಣಕೈವರೆಗೆ ಕೈ ತೊಳೆದು, ಕಟಕ್ ರೊಟ್ಟಿ ಮುರಿದು ದಂಡೆಯ ಅಕ್ಕಪಕ್ಕದವರಿಗೆಲ್ಲ ಹಂಚುತ್ತಿದ್ದರು. ಕ್ಲಬ್ಬಿನ ಅಳತೆಗಾರ ಒಬ್ಬ ಕೆಂಪುಮೂಗಿನ ಇಂಗ್ಲಿಷ್ ಮುದುಕ. ಸ್ಪರ್ಧೆ ಮುಗಿದು ಆತ "ಏನಾದರೂ ಸಿಕ್ಕಿತೇ?" ಎಂದು ಕೇಳುತ್ತ ಬಂದರೆ ಡಾಕ್ಟರಮ್ಮ ಕನ್ನಡದಲ್ಲೇ ಉತ್ತರಿಸುವರು:

"ಇನ್ನೂ ಅಲ್ಲೇ ಅದ."

ಸಿಗಲಿಲ್ಲ ಎಂದು ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಆತನಿಗೂ ಆ ಮಾತು ಅಭ್ಯಾಸವಾಗಿ, "ಇನ್ನೋ ಆಲೇ ಆಡಾ" ಎಂದು ತಲೆಯಾಡಿಸಿ ಮುಂದೆ ಹೋಗುತ್ತಿದ್ದ.

ಈಗ ನನ್ನ ಪಾಪಕ್ಕೆ ಬರುತ್ತೇನೆ.

ಒಂದು ಸೆಪ್ಟೆಂಬರಿನಲ್ಲಿ ದಂಪತಿ ಊರಿಗೆ ಹೋಗಿದ್ದರು. ಐಸ್ ಪೆಟ್ಟಿಗೆ ಬರುವ ಹೊತ್ತು. ಡಾಕ್ಟರಮ್ಮ ಗ್ಯಾರೇಜಿನ ಬೀಗದಕೈ ನನ್ನ ಕೈಗಿಟ್ಟು, ಬಂದ ಕೂಡಲೇ ಒಂದೊಂದಾಗಿ ಸುತ್ತಿ ಫ್ರೀಜರಿಗೆ ಹಾಕಿ, ಒಮ್ಮೆ ಕರಗಿದ್ದನ್ನು ಮತ್ತೆ ಗಟ್ಟಿ ಮಾಡಿದರೆ ಮಾಂಸ ಮೆತ್ತಗಾಗುತ್ತದೆ, ಗಾಳದಲ್ಲಿ ನಿಲ್ಲುವುದಿಲ್ಲ ಎಂದು ಹೇಳಿದ್ದರು. ಪೆಟ್ಟಿಗೆ ಬಂತು. ಮುಚ್ಚಳ ತೆಗೆದೆ. ನಮ್ಮೂರ ಗಂಗೊಳ್ಳಿ ಬಂದರಿನ ಬೆಳಗಿನ ವಾಸನೆ ಮುಖಕ್ಕೆ ಬಡಿಯಿತು. ಲಂಡನ್ನಿನ ಅಂಗಡಿಗಳಲ್ಲಿ ಅಷ್ಟು ವರ್ಷ ಮೀನು ಕೊಂಡಿದ್ದೇನೆ, ಕಣ್ಣು ಹಾಗೆ ಹೊಳೆಯುವ ಬಂಗುಡೆ ಕಂಡಿರಲಿಲ್ಲ. ಒಂದನ್ನು ಮನೆಗೆ ಒಯ್ದೆ.

"ಹ್ವಾಯ್, ಇದ್ ಎಲ್ಲ್ ಸಿಕ್ತ್?" ಎಂದಳು ಹೆಂಡತಿ.

"ಪರಿಚಯದವರು ಕೊಟ್ಟದ್ದು," ಎಂದೆ.

ಆ ರುಚಿಗೆ ನಾಲಿಗೆ ಬಿದ್ದಮೇಲೆ ಒಂದಕ್ಕೇ ನಿಲ್ಲಲಿಲ್ಲ. ಪೆಟ್ಟಿಗೆಯ ಅರ್ಧಕ್ಕರ್ಧ, ಅದೂ ದಪ್ಪ ದಪ್ಪದವು, ನಮ್ಮ ಫ್ರೀಜರಿಗೆ ಬಂದವು. ಲೆಕ್ಕ ತಪ್ಪದಿರಲಿ ಎಂದು ಸೌತ್‌ಹಾಲಿನ ಅಂಗಡಿಯಿಂದ, ಆಗಲೇ ಕರಗಿದ್ದ ಬಂಗುಡೆ ತಂದು, ಸುತ್ತಿ, ಅವರ ಫ್ರೀಜರಿನಲ್ಲಿ ಮೇಲುಮೇಲೆಯೇ ಇಟ್ಟೆ. ತಿನ್ನದ ಡಾಕ್ಟರಮ್ಮನಿಗೂ ತಿನ್ನುವ ಪೈಕಿಗೂ ಏನು ವ್ಯತ್ಯಾಸ ಗೊತ್ತಾದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಚಳಿಗಾಲ ಬಂತು. ಮೊದಲ ಸ್ಪರ್ಧೆಯಲ್ಲಿ ಡಾಕ್ಟರಮ್ಮ ಕೋಲು ಬೀಸಿದರು. ಗಾಳ ಒಂದು ಕಡೆ ಹೋಯಿತು, ಮೆತ್ತಗಾದ ಬಂಗುಡೆ ಕಿತ್ತುಕೊಂಡು ಇನ್ನೊಂದು ಕಡೆ ಹಾರಿತು. ಅವರ ಕಣ್ಣಿಗೆ ಆಗ ಪೊರೆ ಬರುತ್ತಿತ್ತು, ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ನನಗೆ ಎಲ್ಲ ಕಂಡಿತು.

"ಯಾಕ್ರೀ ಎರಡ್ ಸಲ ಡುಬುಕ್ ಅಂತು?"

"ಬಾತುಕೋಳಿ," ಎಂದೆ.

ಬರಿಯ ಗಾಳವನ್ನು ನೀರಿನಲ್ಲಿಟ್ಟುಕೊಂಡು ಅವರು ಕೂತರು. ಗಂಟೆಗಟ್ಟಲೆ ನೀರಿನ ಮೇಲೆ ತೇಲುವ ಕೆಂಪು ಬೆಂಡನ್ನೇ ನೋಡಿದರು. ಎತ್ತಿದಾಗ ಗಾಳ ಖಾಲಿ. "ತಿಂದು ಹೋದ ನೋಡ್ರಿ ಕಳ್ಳ!" ಎಂದು ಅವತ್ತು ನಕ್ಕರು. ಮುಂದಿನ ತಿಂಗಳೂ ಹಾಗೇ ಆಯಿತು, ಅದರ ಮುಂದಿನ ತಿಂಗಳೂ. ನಿಧಾನವಾಗಿ ನಗು ಕಡಿಮೆಯಾಯಿತು. ಫೆಬ್ರವರಿಯ ಸ್ಪರ್ಧೆ ಮುಗಿದ ಮೇಲೆ ಕೈಗವಸು ಬಿಚ್ಚಿ, ತಮ್ಮ ಬೆರಳುಗಳನ್ನು ಹಿಂದೆಮುಂದೆ ಮಾಡಿ ನೋಡಿಕೊಂಡರು.

"ಅವ ಬಂದು ತಿಂದು ಹೋಗೂದು ನನಗ ಗೊತ್ತಽ ಆಗವಲ್ದು. ಈ ಕೈಲೆ ಎಷ್ಟ್ ಮಂದಿ ನಾಡಿ ನೋಡೀನಿ. ಕೈ ಸತ್ತಾವ ಅಂತ ಅನಸ್ತದ. ಮಾರ್ಚಿಂದೊಂದು ಮುಗಸ್ತೀನಿ. ಆಮ್ಯಾಲೆ ಸಾಕು."

ಅವರ ಕಣ್ಣಲ್ಲಿ ನೀರಿತ್ತು. ನಾನು ಚೀಲ ಹೆಗಲಿಗೇರಿಸಿ ಕಾರಿನ ಕಡೆ ನಡೆದೆ.

ಮಾರ್ಚಿನ ಸ್ಪರ್ಧೆಯ ಬೆಳಿಗ್ಗೆ ಮಾತ್ರ ತಡೆಯಲಾಗಲಿಲ್ಲ. ಅವರ ಗ್ಯಾರೇಜಿನ ಬೀಗದಕೈ ಎಂದೋ ಹಿಂದಿರುಗಿಸಿಯಾಗಿತ್ತು. ಕೊನೆಯದೊಂದಾದರೂ ಒಳ್ಳೆಯ ಬಂಗುಡೆ ಅವರ ಗಾಳಕ್ಕೆ ಸೇರಲಿ ಎಂದು ನಮ್ಮ ಫ್ರಿಜ್ ತೆರೆದರೆ, ಉಳಿದಿದ್ದ ಎರಡಕ್ಕೂ ಹೆಂಡತಿ ಉಪ್ಪು, ಅರಿಶಿಣ, ಮೆಣಸಿನ ಪುಡಿ ಸವರಿ ಮಧ್ಯಾಹ್ನಕ್ಕೆ ಹುರಿಯಲು ಇಟ್ಟಿದ್ದಾಳೆ! ನಲ್ಲಿಯ ಕೆಳಗೆ ಹಿಡಿದು ಉಜ್ಜಿ ಉಜ್ಜಿ ತೊಳೆದೆ. ಖಾರ ಹೋಯಿತು, ಅರಿಶಿಣ ಎಲ್ಲಿ ಹೋಗುತ್ತದೆ? ಡಾಕ್ಟರಮ್ಮನ ಚೀಲದ ಮೀನಿನ ಡಬ್ಬಿಯಲ್ಲಿದ್ದವುಗಳನ್ನು ತೆಗೆದು, ಇವನ್ನಿಟ್ಟೆ.

ಕೆರೆಯ ಮೇಲೆ ಮಂಜಿತ್ತು. ಡಾಕ್ಟರಮ್ಮ ಬೀಸಿದರು. ಒಂದೇ ಸದ್ದು. ನನಗೆ ದೇವಸ್ಥಾನದ ಗಂಟೆ ಕೇಳಿದಷ್ಟು ಸಂತೋಷವಾಯಿತು. ಆದರೆ ಮೀನಿಗೆ ನನ್ನ ಪಶ್ಚಾತ್ತಾಪ ಗೊತ್ತಿಲ್ಲವಲ್ಲ. ಬೆಂಡು ಅಲುಗಲಿಲ್ಲ. ತಲೆಯ ಮೇಲೆ ಒಂದರ ಹಿಂದೊಂದು ವಿಮಾನಗಳು ಇಳಿದವು. ದಂಡೆಯಲ್ಲಿ ಯಾರಿಗೂ ಏನೂ ಇಲ್ಲ. ರೊಟ್ಟಿ ಮುಗಿಯಿತು. ಅಳತೆಗಾರ ಸೀಟಿಯನ್ನು ಜೇಬಿನಿಂದ ತೆಗೆದು ಗಡಿಯಾರ ನೋಡುತ್ತ ನಿಂತ. ಅಷ್ಟರಲ್ಲಿ ಬೆಂಡು ಮೆಲ್ಲಗೆ ವಾಲಿತು, ಪಕ್ಕಕ್ಕೆ ನಡೆಯಿತು, ಮುಳುಗಿತು.

"ಬಂದ!" ಎಂದರು ಡಾಕ್ಟರಮ್ಮ. "ಗೊತ್ತಾತ್ರೀ, ಕೈಗೆ ಗೊತ್ತಾತು!"

ಕೋಲು ಬಿಲ್ಲಿನ ಹಾಗೆ ಬಗ್ಗಿತು. ಅವರು ಎರಡು ಹೆಜ್ಜೆ ಮುಂದೆ, ನಾನು ಅವರ ಜಾಕೆಟ್ಟಿನ ಬೆನ್ನು ಹಿಡಿದು ಎರಡು ಹೆಜ್ಜೆ ಹಿಂದೆ. "ಬಿಡ್ರಿ ನನ್ನ, ಬಲಿ ಹಿಡೀರಿ ಬಲಿ!" ಎಂದು ಬೈದರು. ಬಲೆ ಹಿಡಿದು ಮೊಣಕಾಲವರೆಗೆ ನೀರಿಗಿಳಿದೆ. ಬಂದದ್ದು ನನ್ನ ಕಾಲಿನಷ್ಟು ಉದ್ದದ ಹಸಿರು ರಾಕ್ಷಸ. ಅಳೆದರು, ಫೋಟೋ ತೆಗೆದರು. ಡಾಕ್ಟರಮ್ಮ ಅದನ್ನು ನೀರಿನಲ್ಲಿ ಕೂಸಿನ ಹಾಗೆ ಹಿಡಿದು, ಕಿವಿರು ಆಡುವವರೆಗೆ ಕಾದು, "ಹೋಗಪಾ, ಮನೀಗೆ ಹೋಗು," ಎಂದು ಕೈಬಿಟ್ಟರು. ಆ ದಿನ ಇಡೀ ಕೆರೆಯಲ್ಲಿ ಸಿಕ್ಕಿದ್ದು ಅದೊಂದೇ. ಕಪ್ ಅವರದು.

ಆಮೇಲೆ ಕೈಗವಸು ಬಿಚ್ಚುವಾಗ ಅವರು ನಿಂತುಬಿಟ್ಟರು. ಗವಸಿನ ಬೆರಳುಗಳ ತುದಿ ಹಳದಿಯಾಗಿತ್ತು. ಮೂಗಿಗೆ ಹಿಡಿದು ನೋಡಿದರು.

"ಅರಿಶಿಣ!"

ನಾನು ಬಲೆ ಮಡಚುವ ನೆಪದಲ್ಲಿ ಬಗ್ಗಿದೆ. ಅವರು ಎಲ್ಲರನ್ನೂ ಕೂಗಿ ಕರೆದರು. ನನ್ನ ಭುಜ ತಟ್ಟಿ, ಇದು ನಮ್ಮ ಅಡಿಗಿ ಸಾಹೇಬರ ಗುಟ್ಟಿನ ಉಪಾಯ, ನನಗೂ ಹೇಳದೆ ಮಾಡಿದ್ದಾರೆ ಎಂದು ಇಂಗ್ಲಿಷಿನಲ್ಲಿ ಸಾರಿದರು. ಅಳತೆಗಾರ ನನ್ನ ಕೈಕುಲುಕಿದ. ಮುಂದಿನ ಚಳಿಗಾಲ ಕ್ಲಬ್ಬಿನ ಅರ್ಧ ಜನ ಬಂಗುಡೆಗೆ ಅರಿಶಿಣ ಹಚ್ಚುತ್ತಿದ್ದರು. ಒಬ್ಬನಂತೂ ಜೊತೆಗೆ ಗರಂ ಮಸಾಲೆಯನ್ನೂ. ಕದ್ದವನಿಗೆ ಹಾರ ಹಾಕಿದ ಹಾಗಾಯಿತು. ನಾನು ಆ ಹಾರವನ್ನು ಹಾಕಿಸಿಕೊಂಡು ನಿಂತೆ.

ಡಾಕ್ಟರಮ್ಮ ಬಿಡಲಿಲ್ಲ ಎಂಬುದೇ ನನ್ನ ಸಮಾಧಾನ. ಕಣ್ಣಿನ ಪೊರೆ ತೆಗೆಸಿಕೊಂಡು ಇನ್ನೂ ಹಲವು ಚಳಿಗಾಲ ಕೂತರು. ಅವರಿಗಾಗಿ ಬಂದ ಬಂಗುಡೆಯನ್ನು ನಾನು ಮತ್ತೆ ಮುಟ್ಟಲಿಲ್ಲ.

ಕಳೆದ ವರ್ಷ ಅವರ ಎದೆಯೇ ಸೋಲತೊಡಗಿತು. ಕೆಳಗಿನ ಕೋಣೆಯ ಕಿಟಕಿಯ ಪಕ್ಕ ಮಂಚ ಹಾಕಿದ್ದರು. ಒಂದು ಮಧ್ಯಾಹ್ನ ಸಾರು ತೆಗೆದುಕೊಂಡು ಹೋದವನು, ಬಟ್ಟಲು ಕೆಳಗಿಡುವ ಮೊದಲೇ ಎಲ್ಲ ಹೇಳಿಬಿಟ್ಟೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು.

"ಅಂದ್ರ ಇಡೀ ಚಳಿಗಾಲ ನಾ ಬರೇ ಗಾಳ ಹಾಕ್ಕೊಂಡು ಕೂತಿದ್ದೆ?"

"ಹೌದು."

"ಬಾತುಕೋಳಿ?"

"ಬಾತುಕೋಳಿ ಇರಲೇ ಇಲ್ಲ."

"ಮೀನಿಂದು ಹಾಳಾಗ್ಲಿ ಬಿಡ್ರಿ," ಎಂದರು. ಧ್ವನಿ ಗಡುಸಾಗಿತ್ತು. "ಕೈ ಸತ್ತಾವ ಅಂತ ನಾ ಅತ್ತೆ. ಅದನ್ನ ನೋಡ್ಕೋತ ನಿಂತ್ರಲ್ಲ, ಅದಕ್ಕ ಸಿಟ್ಟು ಬರ್ತದ ನನಗ."

ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ನಾನು ಬಟ್ಟಲು ಕೆಳಗಿಟ್ಟು ಕೂತೆ. ಎದ್ದುಹೋಗಲೂ ಧೈರ್ಯವಿಲ್ಲ. ಅಷ್ಟರಲ್ಲಿ ಅವರ ಭುಜ ಅಲುಗುವುದು ಕಾಣಿಸಿತು. ಅಳುತ್ತಿದ್ದಾರೆಂದು ಗಾಬರಿಯಿಂದ ಎದ್ದೆ. ನಗುತ್ತಿದ್ದರು. ಕೆಮ್ಮು ಬರುವವರೆಗೆ ನಕ್ಕರು.

"ಗಾಳಕ್ಕ ಏನೂ ಇಲ್ಲ! ಆದ್ರೂ ಎಷ್ಟ್ ಛಲೋ ಇತ್ತಲ್ರೀ ಆ ಕೆರಿ, ಆ ಮಂಜು!" ಆಮೇಲೆ ಕಣ್ಣೊರೆಸಿಕೊಂಡು ಕೇಳಿದರು: "ರುಚಿ ಇತ್ತೇನು?"

"ತುಂಬ ಇತ್ತು ಡಾಕ್ಟ್ರಮ್ಮ."

"ಮತ್ತ ಯಾರ ಹೊಟ್ಟೀಗರ ಹೋತಲ್ಲ. ಈಗ ಶಿಕ್ಷಾ ಕೇಳ್ರಿ. ನನ್ನ ಕೋಲು ನಿಮಗ. ಪೆಟಿಗಿ ಬಂದಾಗ ಎಲ್ಲಾದ್ರಕಿಂತ ದಪ್ಪಂದು ಕೆರೀಗೆ. ಉಳದದ್ದು ಬೇಕಾದ್ರ ನೀವು ತಿನ್ರಿ."

ಬೇಸಿಗೆ ಮುಗಿಯುವ ಮುನ್ನ ಅವರು ಹೋದರು. ಸೆಪ್ಟೆಂಬರಿನಲ್ಲಿ ಐಸ್ ಪೆಟ್ಟಿಗೆ ನಮ್ಮ ಬಾಗಿಲಿಗೇ ಬಂತು; ಹಾಗೆಂದು ಅವರೇ ಆ ಹಳೆಯ ರೋಗಿಗೆ ಫೋನ್ ಮಾಡಿ ಹೇಳಿಟ್ಟಿದ್ದರಂತೆ. ನಾನು ದಪ್ಪದ್ದನ್ನು ಆರಿಸಿ ಪಕ್ಕಕ್ಕಿಡುವುದನ್ನು ನೋಡಿ ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಅದನ್ನೂ ಕೆರೆಗ್ ಹಾಕುದಾ? ಪಾಪ ಬತ್ತಿಲ್ಯಾ ನಿಮ್ಗ್?"

"ಪಾಪ ಕಳೆಯುವುದಕ್ಕೇ ಮಾರಾಯ್ತಿ," ಎಂದೆ.

ಈ ಚಳಿಗಾಲ ಅವರ ಮಡಚುವ ಕುರ್ಚಿಯಲ್ಲಿ ಕೂತು ಮೂರು ಸ್ಪರ್ಧೆ ಮುಗಿಸಿದ್ದೇನೆ. ಒಂದೂ ಸಿಕ್ಕಿಲ್ಲ. ಮೊನ್ನೆ ಸೀಟಿ ಊದಿದ ಮೇಲೆ ಗಾಳ ಎತ್ತಿದೆ. ಬಂಗುಡೆ ಹಾಕಿದ ಹಾಗೇ ಗಟ್ಟಿಯಾಗಿ, ಇಡಿಯಾಗಿ ನೇತಾಡುತ್ತಿತ್ತು. ಅಳತೆಗಾರ ದಂಡೆಯಲ್ಲಿ ಒಬ್ಬೊಬ್ಬರನ್ನೇ ಕೇಳುತ್ತ ಬಂದ. ನನ್ನ ಮುಂದೆ ನಿಂತವನು ಏನೂ ಕೇಳಲಿಲ್ಲ. ಕುರ್ಚಿಯನ್ನು ನೋಡಿದ, ನೀರನ್ನು ನೋಡಿದ, ಟೋಪಿ ತೆಗೆದ.

"ಇನ್ನೋ ಆಲೇ ಆಡಾ," ಎಂದ.

"ಹೌದ್ರೀ," ಎಂದೆ. "ಇನ್ನೂ ಅಲ್ಲೇ ಅದ."