ದರ್ಜಿಯಕ್ಕನ ಹೂಂ

ಓಣಿಯವರೆಲ್ಲ ದರ್ಜಿಯಕ್ಕ ಎಂದೇ ಕರೆಯುವ ಆಕೆಗೆ ಗಿರಾಕಿಗಳಿಗೆ ಇಲ್ಲವೆನ್ನುವ ಅಭ್ಯಾಸವೇ ಇರಲಿಲ್ಲ. ತೋಳು ಬಿಚ್ಚಿ ಮತ್ತೆ ಹೊಲಿ ಎಂದರೆ ಹೂಂ, ಇವತ್ತೇ ಬೇಕು ಎಂದರೂ ಹೂಂ. ಯಾರೋ ಕಳಿಸಿದ ಲಿಂಕಿನಿಂದ ಹೊಸ ಡಿಸೈನು ತೋರಿಸುವ ಆ್ಯಪ್ ಹಾಕಿಕೊಂಡಾಗಲೂ ಅದು ಕೇಳಿದ್ದಕ್ಕೆಲ್ಲ ಒಪ್ಪಿಗೆ ಒತ್ತಿ, ಮತ್ತೆ ಮಿಷನ್ ತುಳಿಯುತ್ತ ಕೂತಳು.

ಕೆಲವೇ ದಿನಗಳಲ್ಲಿ ಫೋನು ಇಸ್ತ್ರಿಪೆಟ್ಟಿಗೆಯ ಹಾಗೆ ಕಾಯತೊಡಗಿತು. ಅವಳು ಕಳಿಸದ ಲಿಂಕುಗಳು ಅವಳ ಹೆಸರಿನಲ್ಲಿ ಗಿರಾಕಿಗಳಿಗೆ ಹೋದವು. ತಂಗಿ ಬಂದು ಮೊದಲು ಇಂಟರ್ನೆಟ್ ಆಫ್ ಮಾಡಿ, ಆ್ಯಪ್‌ಗೆ ಸಿಕ್ಕ ಅನುಮತಿಗಳನ್ನು ನೋಡಿದಳು.

"ಅಲ್ಲಕ್ಕಾ, ಡಿಸೈನ್ ತೋರ್ಸೋದಕ್ಕೆ ನಿನ್ನ ಮೆಸೇಜು, ಫೋಟೋ ಎಲ್ಲಾ ಯಾಕೆ ಬೇಕು? ಅಳತೆ ಕೊಡೋಕೆ ಬಂದೋರ ಕೈಗೆ ಬೀರು ಬೀಗದಕೈ ಕೊಡ್ತೀಯಾ?"

"ಕೇಳಿದ್ರೆ ಕೊಟ್ಬಿಡ್ತಿದ್ನೇನೋ," ಎಂದಳು ಅಕ್ಕ, ಸೋತ ದನಿಯಲ್ಲಿ.

ತಂಗಿ ಆ್ಯಪ್ ತೆಗೆದುಹಾಕಿ, ತನ್ನ ಫೋನಿನಿಂದ ಅಕ್ಕನ ಪಾಸ್‌ವರ್ಡುಗಳನ್ನು ಬದಲಿಸಿದಳು. ಆದರೆ ಅರ್ಧ ಹೊಲಿದ ಬಟ್ಟೆ ತೊಡಿಸಿ ಅದಕ್ಕೆ ಎಲ್ಲೆಲ್ಲಿ ಪಿನ್ನು ಚುಚ್ಚಿದ್ದೆಂದು ನೆನಪಿಗಾಗಿ ತೆಗೆದಿಟ್ಟಿದ್ದ ಹೆಂಗಸರ ಫೋಟೋಗಳು ಅಕ್ಕನ ಫೋನಿನಲ್ಲಿದ್ದವು. ಅವು ಯಾರ ಕೈ ಸೇರಿದವೋ ಹೇಳುವವರಿರಲಿಲ್ಲ.

"ಯಾರಿಗೂ ಹೇಳ್ದೆ ಸುಮ್ನಿದ್ಬಿಟ್ರೆ ಆಗಲ್ವೇನೇ? ನಂಗೆ ಸಾಕಾಗಿದೆ."

"ನಿನ್ನ ನಂಬಿ ನಿಂತೋರಕ್ಕಾ ಅವ್ರು."

ಅಕ್ಕ ತಂಗಿಯ ಫೋನಿನಿಂದ ಮೊದಲ ಗಿರಾಕಿಗೆ ಕರೆ ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ಲಿಂಕು ಬಂದಿದ್ದರೆ ಮುಟ್ಟಬೇಡಿ ಎಂದಳು. ಆ ಕಡೆಯಿಂದ ಒಂದೇ ಪ್ರಶ್ನೆ ಬಂತು.

"ನನ್ನ ಫೋಟೋನೂ ಇತ್ತಾ?"

"ಇತ್ತಮ್ಮಾ."

ಕರೆ ಕಟ್ಟಾಯಿತು. ಅಕ್ಕ ಗೋಡೆಗೊರಗಿ ಕಣ್ಣು ಮುಚ್ಚಿದಳು. ಆಮೇಲೆ ಕಣ್ಣು ತೆರೆಯದೆಯೇ, ಮುಂದಿನ ನಂಬರು ಒತ್ತು ಎಂದು ತಂಗಿಗೆ ಕೈಸನ್ನೆ ಮಾಡಿದಳು.