ಫ್ರೀಜರ್‌ನಲ್ಲಿಟ್ಟ ಪ್ರವಾಹದ ಸುದ್ದಿ

ಬೆಳಗಿನ ಆರೂವರೆ. ಮಲೇಷ್ಯಾದ ಕ್ಲಾಂಗ್‌ನಲ್ಲಿ ಇನ್ನೂ ನಸುಗತ್ತಲು. ಹೆಲೆನ್ ಲೋಬೊ ಫ್ರೀಜರ್ ತೆರೆದು, ಬಂಗುಡೆಯ ಪೊಟ್ಟಣ ಪಕ್ಕಕ್ಕೆ ಸರಿಸಿ, ಪ್ಲಾಸ್ಟಿಕ್ ಸುತ್ತಿದ ಕಿರುಪುಸ್ತಕವೊಂದನ್ನು ಹೊರತೆಗೆಯುತ್ತಾರೆ.

"ಒಂದು ದಿನ ಮೀನು ಅಂತ ಇದನ್ನೇ ಗಸಿ ಮಾಡಿ ಇಡ್ತೇನೆ ನೋಡು," ಎನ್ನುತ್ತಾರೆ ಗಂಡ ಆರ್ಥರ್.

"ಮಾಡಿ ಮಾರಾಯ್ರೆ. ನೀರು ಮಾತ್ರ ಹಾಕ್ಬೇಡಿ, ಅದು ಬೇಕಾದಷ್ಟು ಕುಡಿದಿದೆ."

ಮಂಗಳೂರಿನಲ್ಲಿ ಬೈಂಡಿಂಗ್ ಕಲಿತ ಹೆಲೆನ್, ಇಲ್ಲಿನ ಖಾಸಗಿ ಸಂಗ್ರಹವೊಂದರಲ್ಲಿ ಹಳೆಯ ಪತ್ರಿಕೆಗಳನ್ನು ದುರಸ್ತಿ ಮಾಡುತ್ತಾರೆ. 2021ರ ಡಿಸೆಂಬರಿನ ನೆರೆಗೆ ಅಲ್ಲಿ ನೆನೆದದ್ದು ತೊಂಬತ್ತೈದು ವರ್ಷ ಹಿಂದಿನ ನೆರೆಯ ವರದಿಗಳು. ಒದ್ದೆ ಕಾಗದಕ್ಕೆ ಎರಡೇ ದಿನದಲ್ಲಿ ಬೂಷ್ಟು. ಹೆಪ್ಪುಗಟ್ಟಿಸಿದರೆ ಕಾಗದ ಕೆಡದೆ ಕಾದಿರುತ್ತದೆ. ಕೊರೋನಾ ನಿಯಮದಿಂದ ಕಚೇರಿಗೆ ಹೋಗುವಂತಿಲ್ಲ. ಹೀಗೆ ಕಟ್ಟುಗಳು ಆರನೇ ಮಹಡಿಯ ಮನೆಗೆ ಬಂದವು. ದಿನಕ್ಕೆ ಹನ್ನೆರಡು ಹಾಳೆ ಒಣಗುತ್ತವೆ.

ಒಣಗಿಸುತ್ತ ಓದುವುದು ಹೆಲೆನ್ ಅವರ ಚಟ. ಆ ಪತ್ರಿಕೆಗಳಲ್ಲಿ, ಟೆಲಿಗ್ರಾಫ್ ತಂತಿ ಕಡಿದು ಸುದ್ದಿ ನಾಲ್ಕು ದಿನ ತಡ. ಮೊದಲು 'ನೂರಾರು ಸಾವು', ವಾರದ ಮೇಲೆ ಒಳಪುಟದಲ್ಲಿ ಸಣ್ಣ ತಿದ್ದುಪಡಿ. "ಯಾವ ಬಿಳಿ ದೊರೆಯ ಪಿಯಾನೊ ನೆನೆಯಿತು, ಅದೂ ಉಂಟು. ರಬ್ಬರ್ ತೋಟದವರು ಮಾತ್ರ 'ಕೆಲವು ಕೂಲಿಗಳು'. ಕೆಲವು ಅಂದ್ರೆ ಮೂರಾ, ಮೂವತ್ತಾ?" ಎನ್ನುತ್ತಾರೆ.

ಇಂದು ಮೇಜಿನ ಮೇಲಿರುವುದು ಬೇರೆ ದನಿ: ಸಂತೆಯಲ್ಲಿ ಹಾಡಿ ಮಾರುತ್ತಿದ್ದ ಎಂಟು ಪುಟದ ತಮಿಳು ನೆರೆಹಾಡು. ಸಂಗ್ರಹದಲ್ಲಿರುವುದು ಒಂದೇ ಪ್ರತಿ. ಏಳನೇ ಪುಟ 'ಸತ್ತವರ ಹೆಸರು ಕೇಳಿರಿ' ಎಂದು ಮುಗಿಯುತ್ತದೆ. ಎಂಟನೆಯದು ಹಿಂದಿನ ರಟ್ಟಿಗೆ ಅಂಟಿಕೊಂಡಿದೆ. ಎಳೆದರೆ ಹೆಸರುಗಳೂ ರಟ್ಟಿನ ಜೊತೆ ಹೋಗುತ್ತವೆ.

ತಮಿಳು ಬಲ್ಲ ಪಕ್ಕದ ಮನೆಯ ಜಲಜಾ ಮಾಸ್ಕ್ ಹಾಕಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದಾರೆ. ಬೆಂಗಳೂರಿನವರು, ಸೈಬರ್‌ಜಯಾದ ಕಂಪನಿಗೆ ಮನೆಯಿಂದಲೇ ಕೆಲಸ. "ಬೇಗ ಆಂಟಿ, ಎಂಟಕ್ಕೆ ಮೀಟಿಂಗ್ ಲಾ!" ಎನ್ನುತ್ತಾರೆ, ಇಲ್ಲಿನವರ ಹಾಗೆ ಕೊನೆಗೊಂದು 'ಲಾ' ಸೇರಿಸಿ.

"ಇದರೊಳಗಿನವರು ತೊಂಬತ್ತೈದು ವರ್ಷ ಕಾದಿದ್ದಾರೆ. ನಿನ್ನ ಮೀಟಿಂಗ್ ಸ್ವಲ್ಪ ಕಾಯ್ಲಿ."

ಮಂಜುಗಡ್ಡೆ ಕರಗಿದ ಮೇಲೆ ಹೆಲೆನ್ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸಂದಿಗೆ ತೂರಿಸುತ್ತಾರೆ. ಉಸಿರು ಬಿಗಿಹಿಡಿದು ಒಂದು ಸಾಲು, ಇನ್ನೊಂದು ಸಾಲು. ನಲವತ್ತು ನಿಮಿಷಕ್ಕೆ ಪುಟ ಬಿಡುತ್ತದೆ. ಜಲಜಾ ದೂರದಿಂದಲೇ ಬಗ್ಗಿ ಓದುತ್ತಾರೆ: ಹೆಸರು, ತೋಟ, ಯಾರ ಮಗ, ಯಾರ ಹೆಂಡತಿ. ಹದಿನಾಲ್ಕು ಜನ. ಹದಿನೈದನೆಯ ಸಾಲಿನ ಮಸಿ ಬಿಡಿಸುವಾಗ ರಟ್ಟಿನ ಜೊತೆ ಕಿತ್ತುಹೋಗಿದೆ. ಉಳಿದದ್ದು 'ಮಗಳು' ಎಂಬ ಒಂದು ಪದ.

ಹೆಲೆನ್ ದಾಖಲೆಯ ಕಾರ್ಡ್ ಎಳೆದುಕೊಂಡು, 'ಹದಿನೈದು ಹೆಸರು, ಓದಲಾದದ್ದು ಹದಿನಾಲ್ಕು' ಎಂದು ಬರೆಯುತ್ತಾರೆ. ಕೆಳಗೆ ದುರಸ್ತಿ ಮಾಡಿದವರ ಹೆಸರಿಗೆ ಜಾಗವಿದೆ. ಇಷ್ಟು ವರ್ಷ ಅದನ್ನು ಖಾಲಿ ಬಿಟ್ಟವರು ಇಂದು ತಮ್ಮ ಹೆಸರು ತುಂಬುತ್ತಾರೆ.

"ಆ ಒಂದು ಹೆಸರು ಯಾರ ಕೈಯಲ್ಲಿ ಹೋಯ್ತು ಅಂತ ಗೊತ್ತಿರಬೇಕಲ್ಲ."